ಗೆಜ್ಜೆ ಹಾಕಿದ ಡಬ್ಬಿ

ನಗು, ನಗು... ಹೊರಗೇ ನಿಂತು ನಕ್ಕು ಮುಗಿಸು, ಆಮೇಲೆ ಒಳಗೆ ಬಾ. ಏನಂದೆ? ಫ್ಲೆಕ್ಸಾ? ತಲೆಕೆಳಗಾ?

ಹೂಂ... ಗೊತ್ತು. ಗೊತ್ತು ಕಣಲೇ! ನಾನೇ ಏಣಿ ಹತ್ತಿ ಕಟ್ಟಿದ್ದು, ನನಗೆ ಗೊತ್ತಿರಲ್ವಾ? ಬೇಕಂತಲೇ ಹಂಗೆ ಕಟ್ಟೀನಿ. ಸೀದಾ ಕಟ್ಟಿದ ಫ್ಲೆಕ್ಸನ್ನ ಈ ಚಳ್ಳಕೆರೆಯಲ್ಲಿ ಯಾವನು ಓದ್ತಾನೆ ಹೇಳು? ಹುಟ್ಟುಹಬ್ಬದ್ದೂ ಸೀದಾ, ಶ್ರದ್ಧಾಂಜಲಿದೂ ಸೀದಾ, ಬೋರ್‌ವೆಲ್ ಕೊರೆಯೋರದ್ದೂ ಸೀದಾ. ತಲೆಕೆಳಗಾಗಿ ಕಟ್ಟಿದ್ರೆ ಜನ ನಿಂತು, ಕತ್ತು ಹೊರಳಿಸಿ ಓದ್ತಾರೆ. ನೀನು ಓದ್ದೆ ತಾನೇ? ಮತ್ತೆ! ಬೆಳಗ್ಗಿಂದ ಎಷ್ಟು ಜನ ಬಾಗಿಲ ಮುಂದೆ ನಿಂತು ನಕ್ಕು ಹೋದ್ರು ಗೊತ್ತಾ. ಯಾಕೆ ನಗ್ತಾರೆ... ಅಂದ್ರೆ, ನಗಲಿ ಬಿಡು, ಪ್ರಚಾರ ಆಗ್ತೈತೆ ಅಂತ ಸುಮ್ಮನಿದ್ದೆ.

ಬಾ, ಕೂತ್ಕೋ. ಆ ಸ್ಟೂಲು ಬೇಡ, ಕಾಲು ಅಲ್ಲಾಡುತ್ತೆ. ಕುರ್ಚಿ ಮೇಲೆ ಕೂತ್ಕೋ. ಏನೈತೆ ಅದರ ಮೇಲೆ, ಕೊಳಗನಾ? ಕೆಳಗಿಡು, ಯಾರದ್ದೋ ಮದುವೆದು. ಅಬ್ಬಬ್ಬಾ... ಕಂಡಕ್ಟರ್ ಕಲ್ಲೇಶಪ್ಪನೋರು ಈ ಹೆಸರು ಕೆತ್ತೋ ಮಾರುತೇಶನ ಅಂಗಡಿಗೆ ಬಂದ್ರಪ್ಪ! ನಿನ್ನ ಬ್ಯಾಗಿನ ಚಿಲ್ಲರೆ ಸದ್ದು ಕೇಳಿದ ಕೂಡಲೇ ಎದೆ ಧಸಕ್ ಅಂತು ನೋಡು. ಯುಗಾದಿಗೆ ಮುಂಚೆ ಈ ಮೆಟ್ಟಿಲು ಇಳಿದು ಹೋದೋನು ನೀನು. ಇನ್ನು ಈ ಜನ್ಮದಲ್ಲಿ ಹತ್ತೋದಿಲ್ಲ ಅನ್ಕೊಂಡಿದ್ದೆ. ಸಿಟ್ಟು ಇಳೀತಾ?

ಇಳಿದಿಲ್ವಾ. ಆಯ್ತು, ಸಿಟ್ಟಲ್ಲೇ ಕೂತ್ಕೋ. ಸಿಟ್ಟಿದ್ರೆ ಟೀ ಕುಡೀಬಾರದು ಅಂತ ಎಲ್ಲೂ ಬರೆದಿಲ್ಲ.

ಏನು? ಫೋಟೋ ತೆಗೆಸೋಕೆ ಬಂದಿದೀಯಾ? ಫ್ಲೆಕ್ಸಲ್ಲಿರೋ ನಿನ್ನ ಫೋಟೋನಾ? ಅಯ್ಯೋ, ಅದನ್ನ ಯಾಕೆ ತೆಗೆಸ್ತೀಯೋ! ಎಷ್ಟು ಚೆನ್ನಾಗಿ ಹಾಕಿಸೀನಿ. ‘ಡಬ್ಬಿ ಬಳಗ. ಎಲ್ಲರಿಗೂ ಉಚಿತ, ಎಲ್ಲರದ್ದೂ ಡಬ್ಬಿ.’ ಕೆಳಗೆ ನೀನು. ‘ಗೌರವ ಮುಖ್ಯ ಪರಿಶೀಲಕರು, ಕಲ್ಲೇಶಪ್ಪನವರು, ಸಾರಿಗೆ ಇಲಾಖೆ.’ ಕೇಳದೇ ಹಾಕಿಸಿದ್ದು ತಪ್ಪು, ಒಪ್ಕೊಂಡೆ. ಕೇಳೋಣ ಅಂದ್ರೆ ಫೋನ್ ಎತ್ತಿದ್ಯಾ ನೀನು? ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ, ಫೋಟೋ ಹಾಕಿದ್ರೆ ಜಗಳ ಆಡೋಕಾದ್ರೂ ಬರ್ತಾನೆ ಅನ್ಕೊಂಡೆ. ಬಂದೆ ತಾನೇ?

ಒಂದು ನಿಮಿಷ ಕೇಳು. ಪೂರ್ತಿ ಕೇಳು, ಆಮೇಲೆ ಬ್ಲೇಡ್ ಕೊಡ್ತೀನಿ, ನೀನೇ ನಿನ್ನ ಮುಖ ಕೊಯ್ಕೊಂಡು ತಗೊಂಡು ಹೋಗು. ನಾಳೆ ಬೆಳಗ್ಗೆ ಉದ್ಘಾಟನೆ. ಪಕ್ಕದ ಆನ್‌ಲೈನ್ ಸೆಂಟರಲ್ಲಿ, ಜ್ಯೋತಿಲಕ್ಷ್ಮಿ ಹತ್ರ. ಬೊಮ್ಮಲಿಂಗಪ್ಪ ಮೇಷ್ಟ್ರು ಬಟನ್ ಒತ್ತುತಾರೆ. ಕಂಪ್ಯೂಟರಿಗೆ ಅಡ್ಡ ಟೇಪು ಕಟ್ಟಿ, ಕತ್ತರಿಸಿ, ಕಾಯಿ ಒಡೆದು... ಯಾಕೆ, ವೆಬ್‌ಸೈಟಿಗೆ ಕಾಯಿ ಒಡೀಬಾರದಾ? ನಿಮ್ಮ ಡಿಪೋದಲ್ಲಿ ಟೈರಿಗೆ ನಿಂಬೆಹಣ್ಣು ಇಡಲ್ವಾ? ಅದೂ ಉರುಳೋದೇ, ಇದೂ ಉರುಳೋದೇ.

ನನಗೆ ಬೇಕಿರೋದು ಒಂದೇ. ನೀನು. ನೀನು ಡಬ್ಬಿ ಹುಡುಕೋ ಆಟದ ಆ ದೊಡ್ಡ ವೆಬ್‌ಸೈಟು ಬಿಟ್ಟು ನನ್ನ ಜೊತೆ ಬರಬೇಕು. ನೀನು ಬಂದ್ರೆ ಡಬ್ಬಿ ಬಳಗ ನಡೆಯುತ್ತೆ. ಬರದಿದ್ರೆ... ಬರದಿದ್ರೆ ನಾಳೆ ಸಂಜೆಗೇ ಬೀಗ. ಸುತ್ತು ಬಳಸಿ ಮಾತಾಡೋದಿಲ್ಲ ನಾನು.

ತಡಿ, ಟೀ ಬಗ್ಗಿಸ್ತೀನಿ. ಫ್ಲಾಸ್ಕು ಇಲ್ಲೇ... ಹಾಂ, ಇಲ್ಲೇ ಐತೆ. ಗ್ಲಾಸು ಹಿಡ್ಕೋ... ಅಯ್ಯಯ್ಯೋ! ಸುಟ್ಟಿತಾ? ಪ್ಯಾಂಟಿಗೆ ಬಿತ್ತಾ? ಗ್ಲಾಸು ಸರಿಸಿದ್ದು ಯಾಕಲೇ ನೀನು! ಸರಿಸಿಲ್ವಾ? ಸರಿಸಿದೆ ಮಾರಾಯ, ಸ್ವಲ್ಪ ಅಲ್ಲಾಡಿಸಿದೆ. ಬಸ್ಸಲ್ಲಿ ನಿಂತು ನಿಂತು ನಿಂತಲ್ಲೇ ತೂಗಾಡೋದು ನಿಮಗೆಲ್ಲ ಅಭ್ಯಾಸ ಆಗೈತೆ. ಒರೆಸ್ಕೋ. ಬಟ್ಟೆ ಅಲ್ಲೇ ಎಲ್ಲೋ ಐತೆ.

ನೋಡು ಕಲ್ಲೇಶ, ನಾನೇನು ಹಳೇದು ಮರೆತಿಲ್ಲ. ಆ ಚಡ್ಡಿ ಹಾಕಿದ ಬಿಳಿ ಮನುಷ್ಯ ನಿನ್ನ ಬಸ್ ಹತ್ತಿ, ಕೊಂಡ್ಲಹಳ್ಳಿಯಲ್ಲಿ ಇಳಿದು, ಬಂಡೆ ಸಂದೀಲಿ ಡಬ್ಬಿ ಇಟ್ಟಾಗ ಬಾಂಬ್ ಅಂತ ವಿಷಲ್ ಊದಿ ಬಸ್ಸೆಲ್ಲ ಖಾಲಿ ಮಾಡಿಸಿದೋನು ನೀನು! ಜನ ಜಾಲಿ ಮುಳ್ಳಲ್ಲಿ ಮಲಗಿದ್ರು. ಅವನು ಪಾಪ, ಕೈ ಮುಗಿದು, ಫೋನ್ ತೋರಿಸಿ, ಇದು ಆಟ ಸ್ವಾಮಿ ಅಂದ. ಡಬ್ಬಿ ಬಚ್ಚಿಡೋದು, ಜಾಗದ ಅಂಕಿ ವೆಬ್‌ಸೈಟಿಗೆ ಹಾಕೋದು, ಬೇರೆಯವರು ಫೋನ್ ಹಿಡ್ಕೊಂಡು ಹುಡುಕಿ, ಒಳಗಿರೋ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರೋದು. ಅಷ್ಟೇ. ನಿಧಿ ಅಂತ ಅಮಾವಾಸ್ಯೆ ರಾತ್ರಿ ಗುದ್ದಲಿ ಹೊತ್ಕೊಂಡು ಹೋಗೋ ಸೀಮೆ ಇದು. ಇಂಥ ಸೀಮೆಯಲ್ಲಿ ಬರೀ ಹೆಸರು ಬರೆಯೋಕೆ ಗುಡ್ಡ ಹತ್ತೋ ಹುಚ್ಚರು ಇಬ್ಬರೇ, ನೀನು ಮತ್ತು ನಾನು. ಭಾನುವಾರ ಬಂತು ಅಂದ್ರೆ ನಮ್ಮನೇಲಿ ಗೀತ ಬುತ್ತಿ ಕಟ್ಟಿ ಕೊಟ್ಟು, ‘ಇಬ್ಬರೂ ಹೋಗಿ ಕಳೆದುಹೋಗ್ರಿ’ ಅಂತಿದ್ಲು. ಎಷ್ಟು ಚೆನ್ನಾಗಿತ್ತಲೇ.

ನಿಲ್ಲಿಸಿದ್ದು ನಾನೇ, ಹೌದು. ಕಾರಣ ಹೇಳಿದ್ನಲ್ಲ. ಒಂದು ವಾರ ಮಂಡಿ ನೋವು. ಒಂದು ವಾರ ಗೀತನ ತವರಲ್ಲಿ ಗೃಹಪ್ರವೇಶ. ಒಂದು ವಾರ ನಾಯಿ ಸತ್ತಿತು.

ನಾಯಿ ಸಾಕಿರಲಿಲ್ಲ ಅಂತೀಯಾ? ಬೀದಿ ನಾಯಿ ಕಣಲೇ! ಬೀದಿ ನಾಯಿ ಸತ್ತರೆ ದುಃಖ ಆಗಬಾರದಾ?

ಆಯ್ತು, ನಾಯಿ ಬಿಡು. ವಿಷಯಕ್ಕೆ ಬರ್ತೀನಿ. ಆ ವೆಬ್‌ಸೈಟಿನೋರು ನನ್ನನ್ನ ಹೊರಗೆ ಹಾಕಿದ್ರಲ್ಲ, ನ್ಯಾಯನಾ ಅದು? ನಾನು ಏನು ಮಾಡಿದ್ದೆ? ಪಾತ್ರೆ ಬಜಾರಲ್ಲಿ ಇರೋನು, ಪ್ಲಾಸ್ಟಿಕ್ ಡಬ್ಬಿ ಇಡೋಕೆ ಮನಸ್ಸು ಬರಲಿಲ್ಲ. ಒಳ್ಳೆ ಸ್ಟೀಲ್ ಡಬ್ಬಿ ಇಟ್ಟೆ. ಸ್ಟೀಲ್ ಡಬ್ಬಿ ಅಂದ ಮೇಲೆ ಹೆಸರಿಲ್ಲದೇ ಇರುತ್ತಾ? ಮೂವತ್ತು ವರ್ಷ ಊರಿನ ಪಾತ್ರೆಗೆಲ್ಲ ಹೆಸರು ಹಾಕಿದ ಕೈ ಇದು. ಹಾಕ್ದೆ. ‘ಮಾರುತೇಶ, ಪಾತ್ರೆ ಬಜಾರ್, ಚಳ್ಳಕೆರೆ.’ ಒಳಗೆ ಬರೀ ಚೀಟಿ ಇಟ್ಟರೆ ಚೆನ್ನಾಗಿರಲ್ಲ ಅಂತ ಎರಡು ಶೇಂಗಾ ಚಿಕ್ಕಿನೂ ಇಟ್ಟೆ.

ಏನಾಯ್ತು? ನಿನಗೇ ಗೊತ್ತು. ತಳಕಿನಲ್ಲಿಟ್ಟ ಡಬ್ಬಿ ಸಂಜೆಗೆ ಮನೆಗೆ ಬಂತು. ಯಾರೋ ಪುಣ್ಯಾತ್ಮ ಕುರಿ ಮೇಯಿಸೋವಾಗ ನೋಡಿ, ಹೆಸರು ಓದಿ, ‘ಅಯ್ಯೋ, ಮಾರುತೇಶಣ್ಣನ ಡಬ್ಬಿ ಇಲ್ಲಿ ಬಿದ್ದೈತಲ್ಲ’ ಅಂತ ಬಸ್ ಹತ್ತಿ ತಂದುಕೊಟ್ಟ. ಬೇರೆಯವರ ಮನೆ ಡಬ್ಬಿ, ಖಾಲಿ ಕೊಡಬಾರದು, ಅಂತ ಒಳಗೆ ಹುರುಳಿಕಾಳು ತುಂಬಿದ್ದ! ಮತ್ತೆ ಇಟ್ಟೆ. ಮತ್ತೆ ಬಂತು, ಈ ಸಲ ಉಪ್ಪಿನಕಾಯಿ. ಮೊಳಕಾಲ್ಮೂರಿಂದ ಬಂದಿದ್ರಲ್ಲಿ ಕೊಬ್ಬರಿ ಸಕ್ಕರೆ. ರಾಂಪುರದ ಪಾತಮ್ಮ ಅಂತೂ ನಿನ್ನ ಬಸ್ಸಲ್ಲೇ ಬಂದ್ಲಲ್ಲ, ಮಡಿಲಲ್ಲಿ ಡಬ್ಬಿ ಇಟ್ಕೊಂಡು. ‘ಇದಿಗೋ ನಾಯನಾ ನೀ ಡಬ್ಬಾ, ಖಾಳೀಗಾ ಇವ್ವಕೂಡದು ಕದಾ’ ಅಂತ ತೆಲುಗಲ್ಲಿ, ‘ಖಾಲಿ ಕೊಡಬಾರದಲ್ಲಪ್ಪ’ ಅಂತ ಕೈಗಿಟ್ಟಳು. ಬೆಲ್ಲ ಹಾಕಿ ಪುಡಿ ಮಾಡಿದ ಶೇಂಗಾ! ಹೆಂಗಸರಿಗೆ ಬಸ್ಸೂ ಫ್ರೀ, ಡಬ್ಬಿನೂ ಫ್ರೀ.

ನಗಬೇಡ. ಗೀತ ಆ ತಿಂಗಳು ದಿನಸಿನೇ ತರಲಿಲ್ಲ.

ಆ ವೆಬ್‌ಸೈಟಲ್ಲಿ ಗಲಾಟೆ. ‘ಜಾಗದಲ್ಲಿ ಡಬ್ಬಿ ಇಲ್ಲ, ಡಬ್ಬಿ ಇಲ್ಲ.’ ಎಲ್ಲಿಂದ ಇರುತ್ತೆ? ನಮ್ಮ ಅಡುಗೆಮನೇಲಿ ಐತೆ! ಅವರು ಕೇಳಿದ್ರು, ಡಬ್ಬಿ ಯಾಕೆ ನಿಲ್ತಿಲ್ಲ ಅಂತ. ನಾನು ಬರೆದೆ, ‘ಸ್ವಾಮಿ, ನಮ್ಮ ಕಡೆ ಜನ ಒಳ್ಳೆಯವರು.’ ಅದಕ್ಕೆ ಅವರು, ತಿನ್ನೋ ಪದಾರ್ಥ ಇಡೋದು ನಿಯಮದ ಉಲ್ಲಂಘನೆ ಅಂದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ. ಜೊತೆಗೆ ಚಂದಾ ಕಟ್ಟಿದೋರಿಗೆ ಮಾತ್ರ ಒಳ್ಳೊಳ್ಳೆ ಡಬ್ಬಿ ಕಾಣೋದಂತೆ. ಬಚ್ಚಿಟ್ಟಿದ್ದನ್ನ ಇನ್ನೊಂದು ಸಲ ಬಚ್ಚಿಡ್ತಾರೆ ನೋಡು!

ಏನು? ಹೊರಗೆ ಹಾಕಿದ್ದು ಅದಕ್ಕಲ್ಲ ಅಂತೀಯಾ?

ಗೊತ್ತಪ್ಪ, ಕುರಿ ಕಾಯೋ ಜುಂಜಣ್ಣನ ಬುತ್ತಿ ವಿಷಯ. ತೆಗೀತೀಯ ಅಂತ ಗೊತ್ತಿತ್ತು. ಅದರಲ್ಲಿ ನನ್ನ ತಪ್ಪೇನು ಹೇಳು? ವೆಬ್‌ಸೈಟು ಹೇಳಿದ್ದು ಏನು? ಕೊಂಡ್ಲಹಳ್ಳಿ ದಾರಿ, ಬೇವಿನ ಮರ, ಬುಡದಲ್ಲಿ ಡಬ್ಬಿ. ನಾನು ಒಬ್ಬನೇ ಹೋಗಿದ್ದೆ. ಮರ ಸಿಕ್ತು. ಬುಡದಲ್ಲಿ ಕೈ ಆಡಿಸಿದೆ, ಡಬ್ಬಿ ಸಿಕ್ತು. ತೆಗೆದೆ. ಒಳಗೆ ಮೆತ್ತಗೆ, ತೇವ ತೇವ. ಮಳೆ ನೀರು ಹೊಕ್ಕು ಚೀಟಿಯೆಲ್ಲ ಕರಗಿ ಮುದ್ದೆ ಆಗೈತೆ ಅನ್ಕೊಂಡೆ. ಮುದ್ದೆನೇ ಅದು, ನನಗೇನು ಗೊತ್ತು! ಪಾಪ ಅಂತ ನನ್ನ ಹತ್ರ ಇದ್ದ ಹೊಸ ಚೀಟಿಯಲ್ಲಿ, ‘ಸಿಕ್ಕಿತು. ಧನ್ಯವಾದ. ಮಾರುತೇಶ, ಕಲ್ಲೇಶಪ್ಪ’ ಅಂತ ಇಬ್ಬರ ಹೆಸರೂ ಬರೆದು, ಮಡಚಿ, ಒಳಗೆ ಒತ್ತಿ, ಮುಚ್ಚಳ ಹಾಕಿ ಬಂದೆ. ನೀನು ಬಂದಿರಲಿಲ್ಲ. ಆದ್ರೂ ನಿನ್ನ ಹೆಸರು ಬಿಟ್ಟು ಬರೆಯೋಕೆ ಕೈ ಬರಲಿಲ್ಲ, ಅದೊಂದು ತಪ್ಪು.

ಜುಂಜಣ್ಣ ಕುರಿ ನೀರಿಗೆ ಬಿಟ್ಟು ಬಂದು ಊಟಕ್ಕೆ ಕೂತ್ರೆ, ಮುದ್ದೆ ಒಳಗಿಂದ ಚೀಟಿ! ‘ಸಿಕ್ಕಿತು, ಧನ್ಯವಾದ.’ ಯಾರೋ ಮಾಟ ಮಾಡಿಸಿ ತನ್ನ ಪ್ರಾಣ ಸಿಕ್ಕಿತು ಅಂತಿದಾರೆ ಅನ್ಕೊಂಡು, ಮುದ್ದೆ ನಾಯಿಗೆ ಹಾಕದೇ ನೆಲದಲ್ಲಿ ಹೂತು, ಮೇಲೆ ಕಲ್ಲಿಟ್ಟು, ಊರಿಗೆ ಓಡಿ ಹೋಗಿ ಅಂಜನ ಹಾಕಿಸಿದ್ನಂತೆ. ಅಂಜನ ಹಾಕೋ ಜಂಪಣ್ಣ ಅಂಗೈ ನೋಡಿ, ‘ಖಾಕಿ ಬಟ್ಟೆ ಹಾಕಿದ ಒಬ್ಬ ಮನುಷ್ಯ ಕಾಣ್ತಾನೆ’ ಅಂದ್ನಂತೆ! ಅಂಜನದಲ್ಲಿ ನೀನು ಬಂದೀಯ ನೋಡು. ಅವತ್ತಿಂದ ಜುಂಜಣ್ಣ ನಿನ್ನ ಬಸ್ಸೇ ಹತ್ತಲ್ವಂತೆ.

ಸರಿ, ಸರಿ, ನಗೋ ವಿಷಯ ಅಲ್ಲ. ವೆಬ್‌ಸೈಟಲ್ಲೂ ಇಬ್ಬರ ಹೆಸರಲ್ಲೇ ‘ಸಿಕ್ಕಿತು’ ಅಂತ ಹಾಕಿದ್ದೆ, ಅದು ಸುಳ್ಳು ಅಂತ ಗೊತ್ತಾಗಿ ನಿನ್ನ ಹೆಸರಿಗೂ ಅಲ್ಲಿ ಕೆಂಪು ಗುರುತು ಬಿತ್ತು. ಎಷ್ಟು ವರ್ಷ ಕಷ್ಟಪಟ್ಟು ಮಾಡಿದ ಹೆಸರು. ನನಗೆ ನೋವಿಲ್ಲ ಅನ್ಕೊಂಡೀಯಾ?

ಹೆಂಗೆ ಗೊತ್ತಾಗಲಿಲ್ಲ ಅಂದ್ರೆ... ಕತ್ತಲಾಗಿತ್ತು ಕಣಲೇ. ಸಂಜೆ. 

ಮಧ್ಯಾಹ್ನ ಊಟದ ಹೊತ್ತಾ? ಜುಂಜಣ್ಣ ಹಂಗಂದ್ನಾ? ಹಂಗಾದ್ರೆ ಮೋಡ ಇತ್ತು. ಭಾರಿ ಮೋಡ. ನಮ್ಮ ಕಡೆ ಮೋಡ ಕಟ್ಟೋದಕ್ಕೇನು ಕಮ್ಮಿ, ಮಳೆಗೆ ತಾನೇ ಬರ.

ಬಿಡು ಅದನ್ನ. ಅವತ್ತೇ ತೀರ್ಮಾನ ಮಾಡಿದೆ. ಅವರ ಮನೆ ಬಾಗಿಲು ಮುಚ್ಚಿದ್ರೆ ನಮ್ಮದೇ ಒಂದು ಮನೆ ಕಟ್ಟೋದು. ಜ್ಯೋತಿಲಕ್ಷ್ಮಿಗೆ ಹೇಳಿದೆ. ಪಹಣಿ ಪ್ರಿಂಟ್ ಹಾಕೋ ಮಧ್ಯೆ ಮಧ್ಯೆ ಕೂತು ಮಾಡಿದ್ಲು, ಪಾಪ. ಉಚಿತ ಮ್ಯಾಪು ಸಿಗುತ್ತಂತೆ, ಅದರ ಮೇಲೆ ಕಟ್ಟಿದಾಳೆ. ಒಂದೇ ವಿಷಯಕ್ಕೆ ಜಗಳ ಆಯ್ತು. ‘ಅಂಕಲ್, ಅಕ್ಷರ ಇಷ್ಟು ದಪ್ಪ ಇಟ್ಟರೆ ಒಂದು ಸಲಕ್ಕೆ ಒಂದೇ ಅಕ್ಷರ ಕಾಣುತ್ತೆ’ ಅಂದ್ಲು. ಹೌದು, ‘ಡ’ ಅಂತ ಮೊದಲು ಬರುತ್ತೆ. ಬೆರಳಲ್ಲಿ ತಳ್ಳಿದ್ರೆ ‘ಬ್ಬಿ’. ಆತುರ ಏನೈತೆ? ತಳ್ಕೊಂಡು ಓದಲಿ. ಬೊಮ್ಮಲಿಂಗಪ್ಪ ಮೇಷ್ಟ್ರಿಗೆ ವಯಸ್ಸಾಗೈತೆ, ಅವರಂಥೋರಿಗೂ ಅನುಕೂಲ ಆಗಬೇಕಲ್ಲ. ಸಮುದಾಯ ಅಂದ್ರೆ ಅದೇ. 

ಆಮೇಲೆ ಅಕ್ಷರನೇ ಬೇಡ ಅಂದುಬಿಟ್ಟೆ. ಎಲ್ಲ ಬಾಯಲ್ಲೇ. ಡಬ್ಬಿ ಎಲ್ಲೈತೆ ಅಂತ ಇಟ್ಟೋನು ಮಾತಾಡಿ ಹಾಕಬೇಕು, ಹುಡುಕೋನು ಕೇಳಿಸ್ಕೋಬೇಕು. ‘ತಳಕಿನಲ್ಲಿ ಇಳಿ, ಬಲಕ್ಕೆ ತಿರುಗು, ಬೋಂಡಾ ಕರಿಯೋ ವಾಸನೆ ಬಂದ ಕಡೆ ನಡಿ, ವಾಸನೆ ನಿಂತಲ್ಲಿ ಗೋಡೆ ಮುಟ್ಟು.’ ಯಾವ ಅಂಕಿ ಬೇಕು, ಯಾವ ಉಪಗ್ರಹ ಬೇಕು? ಜ್ಯೋತಿಲಕ್ಷ್ಮಿ ಕೇಳಿದ್ಲು, ‘ಹಂಗಾದ್ರೆ ನಾನು ಕಟ್ಟಿದ ಮ್ಯಾಪು ಯಾಕೆ ಅಂಕಲ್?’ ಇರಲಿ ಬಿಡಮ್ಮ, ದೇವರ ಮನೇಲಿ ಗಡಿಯಾರ ಇಲ್ವಾ, ಹಂಗೇ ಇರಲಿ ಅಂದೆ.

ಏನು ಹಂಗೆ ಮೂಗಲ್ಲಿ ಉಸಿರು ಬಿಡ್ತೀಯ? ಕೇಳು. ನಿಯಮ ಎಲ್ಲ ಜನರಿಗೋಸ್ಕರನೇ ಮಾಡೀನಿ. ಡಬ್ಬಿನ ಬಸ್ ಸ್ಟಾಪಿನ ಆಸುಪಾಸಲ್ಲೇ ಇಡಬೇಕು. ಗುಡ್ಡ ಗಿಡ ಏನೂ ಇಲ್ಲ. ಕಂಡಕ್ಟರ್ ಊರ ಹೆಸರು ಕೂಗಬೇಕು, ಇಳಿಬೇಕು, ಕೈ ಚಾಚಿದ್ರೆ ಡಬ್ಬಿ. ಬಸುರಿ ಬಾಣಂತೀರು, ವಯಸ್ಸಾದೋರು ಆಡೋದು ಬೇಡ್ವಾ? ಇನ್ನೊಂದು, ನೆಲದ ಮೇಲೆ ಇಡಂಗಿಲ್ಲ. ಸೊಂಟದ ಎತ್ತರಕ್ಕೇ ಇರಬೇಕು. ಹಾವು ಹುಳ ಕಣಲೇ! ಬುಡದಲ್ಲಿ ಕೈ ಆಡಿಸಿ ಆಡಿಸಿ ನನಗೆ ಸಾಕಾಗೈತೆ... ಅಂದ್ರೆ, ಜನರಿಗೆ ಸಾಕಾಗುತ್ತೆ ಅಂದೆ.

ಅವರ ವೆಬ್‌ಸೈಟಲ್ಲಿ ಸಿಕ್ಕಿದ ಡಬ್ಬಿನ ಅಲ್ಲೇ ಇಟ್ಟು ಬರಬೇಕು. ನಮ್ಮಲ್ಲಿ? ತಂದು ಕೊಡಬೇಕು! ಜನ ಹೆಂಗೂ ತಂದು ಕೊಡ್ತಾರಲ್ಲ, ಅದನ್ನೇ ನಿಯಮ ಮಾಡೀನಿ. ಇಟ್ಟೋನ ಮನೆಗೆ ತರಬೇಕು, ಖಾಲಿ ತರಬಾರದು. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗಬೇಕು, ‘ನಾನು ಇಂಥೋರ ಮಗ ಇಂಥೋನು, ಇಂಥ ಊರು, ಡಬ್ಬಿ ತಂದೀನಿ.’ ಸುಮ್ಮನೆ ಬಂದು ಎದುರಿಗೆ ನಿಂತ್ಕೋಬಾರದು. ಅದು ನನಗೆ ಆಗಿ ಬರಲ್ಲ. ಮೊನ್ನೆ ಹಂಗೇ ಯಾರೋ ಬಂದು ನಿಂತ್ಕೊಂಡು, ನಗ್ತಾ ಇದ್ರಂತೆ, ನಾನು ಮಾತಾಡಿಸಲಿಲ್ಲ ಅಂತ ಬೇಜಾರು ಮಾಡ್ಕೊಂಡು ಹೋದ್ರು. ಗೀತನ ಸ್ವಂತ ಅಣ್ಣ ಅಂತೆ. ದನಿ ಇಲ್ಲದೇ ನಕ್ಕರೆ ಯಾರಿಗೆ ಗೊತ್ತಾಗುತ್ತೆ? ಹೆಸರು ಹೇಳಿದ್ರೆ ಗಂಟೇನು ಹೋಗುತ್ತೆ?

ಯಾವ ಬಿಂದಿಗೆ? ಅದಾ... ಕಾಲಿಗೆ ತಾಗಿತಾ? ಅದು ಕೊಂಡ್ಲಹಳ್ಳಿ ಮದುವೆದು. ಹೌದು, ಹೆಸರು ಹಾಕೀನಿ. ಒಂದರ ಮೇಲೊಂದು ಬಂದೈತಾ? ಅದು... ಅದು ಹೊಸ ಡಿಸೈನು. ಗಂಡನ ಹೆಸರ ಮೇಲೇ ಹೆಂಡತಿ ಹೆಸರು. ಕೂಡಿ ಬಾಳಲಿ ಅಂತ. ಈಗಿನ ಹುಡುಗರು ಅದನ್ನೇ ಕೇಳ್ತಾರೆ.

ಇಲ್ಲ, ಒಪ್ಪಿಲ್ಲ ಅವರು. ವಾಪಸ್ ಮಾಡಿದ್ರು. ಅದಕ್ಕೇ ಇಲ್ಲೈತೆ. ಕೊಳಗನೂ ಅವರದ್ದೇ. ಕೆಲಸನೂ ಈಗ ಕಮ್ಮಿ ಮಾಡೀನಿ. ಬೇಜಾರು ಬಂತು. ಈ ಮೆಷಿನ್ ಸದ್ದು, ತಲೆ ಚಿಟ್ಟು ಹಿಡೀತೈತೆ. ಇನ್ನು ಮೇಲೆ ಪೂರ್ತಿ ಡಬ್ಬಿ ಬಳಗವೇ. ಅದಕ್ಕೇ ನೀನು ಬೇಕು ಅಂತ ಗೋಗರೀತಿರೋದು.

ನಿನ್ನ ಕೆಲಸ ಏನು ಗೊತ್ತಾ? ಡಬ್ಬಿ ಇಡೋಕೆ ಹೋಗೋವಾಗ ನನ್ನ ಜೊತೆ ಬರೋದು. ಅಷ್ಟೇ. ಬಸ್ಸು ನಿಂದೇ, ದಾರಿ ನಿಂದೇ. ನಾನು ಹತ್ತಿ ಕೂತ್ಕೋತೀನಿ. ಜಾಗ ಬಂದಾಗ ನೀನು ಕೂಗ್ತೀಯ, ಇಳೀತೀವಿ, ನೀನು ಸ್ವಲ್ಪ ತೋಳು ಹಿಡ್ಕೊಂಡು... ಮಂಡಿ ನೋವು ಅಂತ ಹೇಳಿದ್ನಲ್ಲ. ಹೋದ್ವಿ, ಇಟ್ವಿ, ಬಂದ್ವಿ. ಮೊದಲಿನ ಭಾನುವಾರದಂಗೆ. ನೀನಿಲ್ಲದೇ ನಾನು ಎಲ್ಲಿಗೂ ಹೋಗಂಗಿಲ್ಲ ಕಲ್ಲೇಶ. ನಿಜವಾಗ್ಲೂ ಹೋಗಂಗಿಲ್ಲ.

ಅರ್ಧ ಒಪ್ಪಿದಂಗೆ ಕಾಣುತ್ತೆ! ಕುರ್ಚಿ ಮುಂದಕ್ಕೆ ಎಳ್ಕೊಂಡೆ, ಸದ್ದು ಕೇಳಿಸ್ತು. ತಡಿ ತಡಿ, ಒಳ್ಳೆ ವಿಷಯ ಈಗ ಹೇಳ್ತೀನಿ. ಇದು ಇಡೀ ಲೋಕದಲ್ಲಿ ಯಾವ ವೆಬ್‌ಸೈಟಲ್ಲೂ ಇಲ್ಲ. ತಗೋ, ಈ ಡಬ್ಬಿ ಅಲ್ಲಾಡಿಸು. ಕೇಳಿಸ್ತಾ? ಗೆಜ್ಜೆ! ಮುಚ್ಚಳದ ಕೆಳಗೆ ಗೆಜ್ಜೆ ಕಟ್ಟೀನಿ. ನಮ್ಮ ಬಳಗದ ಪ್ರತಿ ಡಬ್ಬಿಗೂ ಗೆಜ್ಜೆ ಇರಲೇಬೇಕು, ಗಾಳಿಗೆ ತೂಗೋ ಹಂಗೆ ನೇತುಹಾಕಬೇಕು. ಬಸ್ಸಿಂದ ಇಳಿದು ಸ್ವಲ್ಪ ಹೊತ್ತು ನಿಂತ್ರೆ ಸಾಕು, ಝಣ್ ಅನ್ನುತ್ತೆ. ಸದ್ದು ಬಂದ ಕಡೆ ಹೋಗೋದು, ತಗೊಳ್ಳೋದು.

ಏನು? ಬಚ್ಚಿಟ್ಟ ಡಬ್ಬಿ ತಾನೇ ಕೂಗಿ ಕರೆದ್ರೆ ಹುಡುಕೋದು ಏನು ಉಳೀತು ಅಂತೀಯಾ? ಅಯ್ಯೋ, ಉಳ್ಕೊಳ್ಳುತ್ತೆ ಕಣೋ! ನಿಂಗೆ ಗೊತ್ತಿಲ್ಲ ಎಷ್ಟು ಉಳ್ಕೊಳ್ಳುತ್ತೆ ಅಂತ. ಲಾರಿ ಹೋಗುತ್ತೆ, ಸದ್ದು ಮುಚ್ಚುತ್ತೆ. ಗಾಳಿ ತಿರುಗುತ್ತೆ, ಎಡಕ್ಕೆ ಕೇಳಿದ್ದು ಬಲಕ್ಕೆ ಕೇಳುತ್ತೆ. ಮೇಕೆ ಕೊರಳ ಗಂಟೆ ಬೇರೆ! ಮೊನ್ನೆ ಮೇಕೆ ಹಿಂದೆ ಹೋಗಿ ಹೋಗಿ... ಹ್ಹ ಹ್ಹ... ಯಾರದ್ದೋ ಹಟ್ಟಿ ಒಳಗೇ ನಿಂತಿದ್ದೆ. ಒಲೆ ಮುಂದೆ. ಅವರು ಪಾಪ ಮಜ್ಜಿಗೆ ಕೊಟ್ಟು ರಸ್ತೆ ತನಕ ಕೈ ಹಿಡಿದು... 

ಕಲ್ಲೇಶ?

ಯಾಕೆ ಸುಮ್ಮನಾದೆ? ತಮಾಷೆ ಕಣಲೇ ಅದು. ಮೇಕೆ ಕತೆ. ನಗಬೇಕು ನೀನು. ಆಗ್ಲಿಂದ ಬೇಡ ಅಂದ್ರೂ ನಗ್ತಿದ್ದೆ, ಈಗ ನಗು ಅಂದ್ರೆ ನಗಲ್ವಾ?

ಗೆಜ್ಜೆ ಬೇಡ ಅಂದ್ರೆ ತೆಗೆಸೋಣ. ನೀನು ಮುಖ್ಯ ಪರಿಶೀಲಕ, ನೀನು ಹೇಳಿದಂಗೆ. ಅಕ್ಷರ ಬೇಕಾ, ಹಾಕೋಣ. ಮಾತಾಡು. ಏನಾದ್ರೂ ಬೈಯಿ. ಅಲ್ಲ, ಇಷ್ಟು ಗಂಭೀರವಾಗಿ ಕೂತ್ರೆ ನಿನಗೆ ಒಪ್ಪಲ್ಲ ಕಣಲೇ. ಆ ಪೊದೆ ಮೀಸೆ ಇಟ್ಕೊಂಡು ಹಂಗೆ ಕೂತ್ರೆ ಥೇಟ್ ಗಡಿ ಕಾಯೋ ಪೊಲೀಸು! ಆ ಮೀಸೆ ನೋಡಿದ್ರೆ ನನಗೆ...

ಏನಂದೆ?

ಬೋಳಿಸಿದೀಯಾ. ಯಾವಾಗ? ಯುಗಾದಿಗೇನಾ... ಹೂಂ. ಅದೇ ಅಂದೆ. ಬೋಳಿಸಿದ್ರೂ ಮೀಸೆ ಇದ್ದಂಗೇ ಕಾಣ್ತೀಯ ಅಂತ. ಕೆಲವರ ಮುಖ ಹಂಗೆ ಇರುತ್ತೆ, ಮೀಸೆ ಹೋದ್ರೂ...

ಕಲ್ಲೇಶ, ಇದೀಯಾ?

ಕುರ್ಚಿ ಸದ್ದು ಬರಲಿಲ್ಲ, ಹಂಗಾದ್ರೆ ಎದ್ದಿಲ್ಲ ನೀನು. ಬ್ಯಾಗಿನ ಚಿಲ್ಲರೆನೂ ಅಲ್ಲಾಡಲಿಲ್ಲ. ಇಲ್ಲೇ ಇದೀಯ. ಉಸಿರು ಬಿಗಿ ಹಿಡ್ಕೊಂಡು ಕೂತೀಯ. ಯಾಕಲೇ ಹಿಂಗೆ ಮಾಡ್ತೀಯ? ಮಾತಾಡೋ. ಈ ಅಂಗಡೀಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲದಂಗಾದ್ರೆ ನನಗೆ ಹೆದರಿಕೆ ಆಗುತ್ತೆ. ಹೌದು, ಹೆದರಿಕೆ ಆಗುತ್ತೆ ಕಣಲೇ, ನಗಬೇಡ... ನಗು. ನಗು ಬೇಕಾದ್ರೆ.

ಓಹೋ. ತಿಳೀತು. ಪರೀಕ್ಷೆನಾ? ಸುಮ್ಮನೆ ಕೂತು ಕೈ ತೋರಿಸ್ತಿದೀಯ, ಅಲ್ವಾ? ಬೆರಳು. ಎಷ್ಟು ಅಂತ ಹೇಳಬೇಕು. ಅಷ್ಟೇ ತಾನೇ? ಅದಕ್ಕೇನಂತೆ, ಹೇಳ್ತೀನಿ. ಇಷ್ಟು ಹತ್ತಿರ ಹಿಡಿದ್ರೆ ಯಾರು ಬೇಕಾದ್ರೂ ಹೇಳ್ತಾರೆ. ಬೆಳಕಿಗೆ ಸ್ವಲ್ಪ ಹೊರಳಿಸು... ಹಾಂ. ಮೂರು.

ಮೂರು ತಾನೇ?

ಎರಡು. ಎರಡು ಅಂತ ಮೊದಲೇ ಗೊತ್ತಾಯ್ತು, ನಿನ್ನ ಆಟ ಆಡಿಸೋಣ ಅಂತ ಮೂರು ಅಂದೆ. ಎರಡು.

ಐದಾ? ಪೂರ್ತಿ ಅಂಗೈನಾ? ಹೇಳೋ, ಸರಿನಾ ತಪ್ಪಾ ಹೇಳಿಬಿಡು, ಹಿಂಗೆ ಸುಮ್ಮನಿರಬೇಡ... ಒಂದು. ಒಂದೇ ಬೆರಳು...

ಕಲ್ಲೇಶ.

ನೀನು ಕೈ ಎತ್ತೇ ಇಲ್ಲ, ಅಲ್ವಾ?